ಹೀಬ್ರೂ, ಗ್ರೀಕ್ ಪಾಂಡಿತ್ಯವಿಲ್ಲದೆಯೇ ಇಡೀ ಬೈಬಲ್ ಇಂಗ್ಲಿಷ್‌ಗೆ ತಂದ ಮೈಲ್ಸ್ ಕವರ್‌ಡೇಲ್

ಮೂಲ ಭಾಷೆ ಗೊತ್ತಿಲ್ಲದವರು ಒಂದು ಅನುವಾದ ಸರಿಯೋ ತಪ್ಪೋ ಎಂದು ತಿಳಿಯುವುದು ಹೇಗೆ? ಬೈಬಲ್ ಓದುಗರನ್ನು ಇಂದಿಗೂ ಕಾಡುವ ಈ ಪ್ರಶ್ನೆ ಸುಮಾರು ಐನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಮೈಲ್ಸ್ ಕವರ್‌ಡೇಲ್ ಅವರಿಗೂ ಎದುರಾಗಿತ್ತು. ಅವರು ಓದುಗರಷ್ಟೇ ಅಲ್ಲ, ಅನುವಾದಕರೂ ಆಗಿದ್ದರು.

ಸುಮಾರು 1488ರಲ್ಲಿ ಯಾರ್ಕ್‌ಷೈರ್‌ನಲ್ಲಿ ಹುಟ್ಟಿದ ಕವರ್‌ಡೇಲ್ 1514ರಲ್ಲಿ ಪಾದ್ರಿಯಾದರು. ಕೇಂಬ್ರಿಜ್‌ನ ಅಗಸ್ಟೀನಿಯನ್ ಮಠದಲ್ಲಿದ್ದಾಗ ಧರ್ಮಸುಧಾರಣೆಯ ವಿಚಾರಗಳತ್ತ ಒಲಿದರು. ಬಿಷಪ್‌ರ ಅಪ್ಪಣೆಯಿಲ್ಲದೆ ಬೈಬಲನ್ನು ಇಂಗ್ಲಿಷ್‌ಗೆ ತರುವುದು ಆಗ ಅಲ್ಲಿ ಅಪರಾಧವಾಗಿತ್ತು. ಹೀಗಾಗಿ ಅವರು ಮಠ ಬಿಟ್ಟು, ದೇಶವನ್ನೂ ಬಿಟ್ಟರು.

ಹೀಬ್ರೂ, ಗ್ರೀಕ್ ಎರಡನ್ನೂ ಬಲ್ಲ ವಿಲಿಯಂ ಟಿಂಡೇಲ್ ಆಗಲೇ ಈ ಕೆಲಸ ಆರಂಭಿಸಿದ್ದರು. ಆದರೆ ಹಳೆಯ ಒಡಂಬಡಿಕೆ ಮುಗಿಯುವ ಮೊದಲೇ ಸೆರೆ ಸಿಕ್ಕರು. 1536ರಲ್ಲಿ ಬ್ರಸೆಲ್ಸ್ ಬಳಿ ಅವರನ್ನು ಕೊಲ್ಲಲಾಯಿತು.

ಟಿಂಡೇಲ್‌ಗಿದ್ದ ಪಾಂಡಿತ್ಯ ಕವರ್‌ಡೇಲ್ ಅವರಿಗೆ ಇರಲಿಲ್ಲ. ಅವರು ಕಂಡುಕೊಂಡ ದಾರಿ ಹೋಲಿಕೆಯದು. ಹಳೆಯ ಲ್ಯಾಟಿನ್ ವಲ್ಗೇಟ್, ಪಾಗ್ನಿನಸ್‌ರ ಹೊಸ ಲ್ಯಾಟಿನ್ ಅನುವಾದ, ಲೂಥರ್‌ರ ಜರ್ಮನ್ ಬೈಬಲ್, ಜ್ಯೂರಿಕ್‌ನ ಜರ್ಮನ್ ಬೈಬಲ್ ಹಾಗೂ ಟಿಂಡೇಲ್‌ರ ಇಂಗ್ಲಿಷ್ ಅನುವಾದ, ಈ ಐದನ್ನೂ ಮುಂದಿಟ್ಟುಕೊಂಡರು. ಎಲ್ಲವೂ ಒಂದೇ ಅರ್ಥ ಕೊಟ್ಟ ಕಡೆ ನೆಚ್ಚಿಕೆ ಹೆಚ್ಚಿತು. ಅರ್ಥ ಬೇರೆಯಾದ ಕಡೆ ನಿಂತು ಯೋಚಿಸಬೇಕಾಯಿತು.

1535ರಲ್ಲಿ ಅವರ ಬೈಬಲ್ ಹೊರಬಂತು. ಅಚ್ಚಾದ ಮೊದಲ ಸಂಪೂರ್ಣ ಇಂಗ್ಲಿಷ್ ಬೈಬಲ್ ಅದೇ. ಇದು ಜರ್ಮನ್ ಮತ್ತು ಲ್ಯಾಟಿನ್‌ನಿಂದ ಬಂದದ್ದು ಎಂಬುದನ್ನು ಮೊದಲ ಮುಖಪುಟದಲ್ಲಿ ಮುಚ್ಚಿಡಲಿಲ್ಲ.

ಈ ವಿಧಾನಕ್ಕೂ ಮಿತಿಯಿತ್ತು. 105ನೇ ಕೀರ್ತನೆಯಲ್ಲಿ ಯೋಸೇಫನ ಸೆರೆವಾಸದ ಮಾತು ಬರುತ್ತದೆ. ಅವನ ಕೊರಳನ್ನು ಕಬ್ಬಿಣಕ್ಕೆ ಸಿಕ್ಕಿಸಿದರು ಎಂಬುದು ಹೀಬ್ರೂ ಮೂಲದ ಭಾವ. ಲೂಥರ್ ಅನುವಾದವೂ ಅದಕ್ಕೆ ಹತ್ತಿರವಿದೆ. ಕವರ್‌ಡೇಲ್ ಮಾತ್ರ ವಲ್ಗೇಟ್ ಹಿಡಿದು, ಕಬ್ಬಿಣವೇ ಅವನ ಆತ್ಮವನ್ನು ಹೊಕ್ಕಿತು ಎಂಬ ಅರ್ಥ ಕೊಟ್ಟರು. ಈ ತಪ್ಪು ಇಂಗ್ಲಿಷ್‌ನಲ್ಲಿ ನುಡಿಗಟ್ಟಾಗಿಯೇ ಉಳಿಯಿತು. ಹೋಲಿಸಿ ನೋಡಿದರೆ ವ್ಯತ್ಯಾಸ ಎಲ್ಲಿದೆ ಎಂದು ತಿಳಿಯುತ್ತದೆ. ಯಾವುದು ಸರಿ ಎಂದು ಹೇಳಲು ಮೂಲ ಬಲ್ಲವರೇ ಬೇಕು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಹೀಬ್ರೂ ವಿದ್ವಾಂಸರು ಆ ಸಾಲನ್ನು ತಿದ್ದಿದರು.

ತಿದ್ದಿಕೊಳ್ಳಲು ಕವರ್‌ಡೇಲ್ ಕೂಡ ಹಿಂಜರಿಯಲಿಲ್ಲ. 1539ರ ಗ್ರೇಟ್ ಬೈಬಲ್ ಸಿದ್ಧಪಡಿಸುವಾಗ ಹೀಬ್ರೂ ಪಂಡಿತ ಸೆಬಾಸ್ಟಿಯನ್ ಮುನ್‌ಸ್ಟರ್‌ರ ಹೊಸ ಲ್ಯಾಟಿನ್ ಅನುವಾದದ ನೆರವು ಪಡೆದು ಹಳೆಯ ಒಡಂಬಡಿಕೆಯನ್ನು ಪರಿಷ್ಕರಿಸಿದರು. ಇಂಗ್ಲೆಂಡಿನ ಚರ್ಚುಗಳಲ್ಲಿ ಜನರ ಓದಿಗೆ ಇಡಲು ಸಿದ್ಧವಾದ ಬೈಬಲ್ ಅದು.

1551ರಲ್ಲಿ ಎಕ್ಸೆಟರ್‌ನ ಬಿಷಪ್ ಆದರು. ಎರಡೇ ವರ್ಷಗಳಲ್ಲಿ ಕ್ಯಾಥೊಲಿಕ್ ರಾಣಿ ಮೇರಿ ಪಟ್ಟಕ್ಕೆ ಬಂದು ಆ ಹುದ್ದೆ ಹೋಯಿತು. ಬೈಬಲ್ ಕೆಲಸದಲ್ಲಿ ತೊಡಗಿದ್ದ ಜಾನ್ ರೋಜರ್ಸ್‌ರನ್ನು 1555ರಲ್ಲಿ ಸಜೀವ ದಹನ ಮಾಡಲಾಯಿತು. ಕವರ್‌ಡೇಲ್ ಪಾರಾದದ್ದು ಡೆನ್ಮಾರ್ಕ್ ದೊರೆಯ ಮನವಿಯಿಂದ. ಮತ್ತೆ ದೇಶಾಂತರ ಹೋದರು. 1559ರಲ್ಲಿ ಮರಳಿ, 1569ರಲ್ಲಿ ಲಂಡನ್‌ನಲ್ಲಿ ಕೊನೆಯುಸಿರೆಳೆದರು.

ಅವರ ಕೀರ್ತನೆಗಳ ಅನುವಾದ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕದಲ್ಲಿ ಉಳಿದುಕೊಂಡಿತು. ಕಬ್ಬಿಣದ ಆ ಸಾಲೂ ಅದರಲ್ಲಿ ಹಾಗೆಯೇ ಇದೆ.