ಸಂಬಳವಿಲ್ಲದೆ ಹಕ್ಕಿ ಎಣಿಸಿದ ಸಾಹೇಬರು

ಚಳಿ ಬಿತ್ತೆಂದರೆ ಔರಾದ್ ರಸ್ತೆಯ ಬದಿಗೆ, ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಅಂಚಿಗೆ ಒಂದೊಂದು ಕಾರು ಸುಮ್ಮನೆ ನಿಂತಿರುತ್ತದೆ. ಇಂಜಿನ್ ಬಂದ್. ಅರ್ಧ ಇಳಿಸಿದ ಗಾಜಿನಿಂದ ತೋಪಿನಂಥ ಲೆನ್ಸ್ ಹೊರಗೆ. ಬಸ್ಸಿನ ಮಂದಿ ರಸ್ತೆ ಸರ್ವೆಯವರೋ ಏನೋ ಅಂತ ಬಗ್ಗಿ ನೋಡ್ತಾರೆ. ಅಲ್ರೀ, ಅವರು ಹಕ್ಕಿ ಫೋಟೋ ತೆಗೆಯೋರು. ಕೆಳಗೆ ಯಾಕೆ ಇಳಿಯಲ್ಲ ಅಂದರೆ, ಬಯಲು ಹಕ್ಕಿಗೆ ಎರಡು ಕಾಲಿನ ಮನುಷ್ಯ ಕಂಡರೆ ಪ್ರಾಣಭಯ. ಕಾರು ಅದರ ಲೆಕ್ಕಕ್ಕೆ ಎತ್ತು, ಎಮ್ಮೆ ಇದ್ದಂತೆ. ಬಾಗಿಲು ತೆಗೆದಿರೋ, ಪುರ್ರಂತ ಹಾರಿತು.

ಇವರಲ್ಲಿ ಬಹಳ ಮಂದಿ ಹಕ್ಕಿಯ ಹೆಸರು ಕಲಿತಿದ್ದು ಒಬ್ಬರ ಪುಸ್ತಕದಿಂದ. ಅವರು ಸಲೀಂ ಅಲಿ. ನಮ್ಮ ಜಿಲ್ಲೆಗೆ ಅವರ ಋಣ ಇನ್ನೂ ಹಳೆಯದು.

1896ರ ನವೆಂಬರ್ 12ರಂದು ಬೊಂಬಾಯಿಯಲ್ಲಿ ಹುಟ್ಟಿದರು. ಎಳವೆಯಲ್ಲೇ ತಂದೆ ತಾಯಿ ಇಬ್ಬರೂ ಹೋದರು, ಸೋದರಮಾವ ಸಾಕಿದರು. ಹುಡುಗ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಅದು ಯಾವ ಜಾತಿ ಅಂತ ಕೇಳಲು ಬೊಂಬಾಯಿಯ ನಿಸರ್ಗ ಚರಿತ್ರೆ ಸಂಘದ ಮೆಟ್ಟಿಲು ಹತ್ತಿದ. ಮುಂದಿನ ಬದುಕೆಲ್ಲ ಆ ಮೆಟ್ಟಿಲಿನಿಂದಲೇ ಶುರು.

ಹಾಗಂತ ದಾರಿ ಸಲೀಸಾಗಿರಲಿಲ್ಲ. ಬರ್ಮಾದಲ್ಲಿ ಮನೆಯವರ ವ್ಯಾಪಾರ ನೋಡಿಕೊಂಡರು, ಅದು ಕೈಹತ್ತಲಿಲ್ಲ. ಯೂನಿವರ್ಸಿಟಿ ಡಿಗ್ರಿ ಇಲ್ಲವೆಂದು ಸರ್ಕಾರದ ಪಕ್ಷಿತಜ್ಞನ ನೌಕರಿ ತಪ್ಪಿತು. ಬರ್ಲಿನ್ನಿಗೆ ಹೋಗಿ ಸ್ಟ್ರೆಸೆಮನ್ ಎಂಬ ಪಂಡಿತರ ಹತ್ತಿರ ಕಲಿತು 1930ರಲ್ಲಿ ವಾಪಸ್ ಬಂದರೆ, ಬೊಂಬಾಯಿ ಮ್ಯೂಸಿಯಮ್ಮಿನಲ್ಲಿದ್ದ ಕೆಲಸವೂ ಇಲ್ಲ! ಆಗ ಅವರು ಕಂಡುಕೊಂಡ ಉಪಾಯ ಯಾವ ಅಂಗಡಿಕಾರನೂ ಒಪ್ಪದಂಥದ್ದು. ಸಂಬಳ ಬೇಡ, ಓಡಾಟ ಮತ್ತು ಡೇರೆಯ ಖರ್ಚು ಕೊಟ್ಟರೆ ಸಾಕು, ನಿಮ್ಮ ಸಂಸ್ಥಾನದ ಹಕ್ಕಿಗಳ ಲೆಕ್ಕ ಬರೆದುಕೊಡ್ತೀನಿ ಅಂದರು. ಮೊದಲು ಒಪ್ಪಿದ್ದು ಹೈದರಾಬಾದ್ ಸಂಸ್ಥಾನ. ಬೀದರ್ ಆಗ ನಿಜಾಮರ ಜಿಲ್ಲೆ ತಾನೆ. 1931–32ರಲ್ಲಿ ಸಮೀಕ್ಷೆ ನಡೆದು, 1933–34ರಲ್ಲಿ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ನಾವಿರುವ ಸೀಮೆಯ ಹಕ್ಕಿಗಳ ಮೊದಲ ಪಕ್ಕಾ ಖಾತೆ ಪುಸ್ತಕ ಅಂದರೂ ನಡೆದೀತು. ಆಮೇಲೆ ತಿರುವಾಂಕೂರು, ಮೈಸೂರು. ಕ್ಯಾಂಪುಗಳಲ್ಲಿ ಹೆಂಡತಿ ತಹಮೀನಾ ಜತೆಗಿದ್ದರು. 1939ರಲ್ಲಿ ಆಕೆ ತೀರಿಹೋದರು. ಹಕ್ಕಿ ಪುಸ್ತಕ ಹೊರಬಂದಿದ್ದು 1941ರಲ್ಲಿ.

ಆ ಕಾಲದ ಪದ್ಧತಿ ಕ್ಯಾಮೆರಾ ಅಲ್ಲ, ಬಂದೂಕು. ಹಕ್ಕಿ ಹೊಡೆದು, ಚರ್ಮ ಬಿಡಿಸಿ, ಹತ್ತಿ ತುಂಬಿ, ಕಾಲಿಗೆ ಚೀಟಿ ಕಟ್ಟೋದು. ಸಲೀಂ ಅಲಿ ಅದನ್ನೇ ಮಾಡಿದರು, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ಹಕ್ಕಿ ಫೋಟೋದ ಹುಚ್ಚು ಇದ್ದಿದ್ದು ಅವರ ಗೆಳೆಯ ಲೋಕ್ ವಾನ್ ಥೋ ಅವರಿಗೆ. ಸಿಂಗಾಪುರದ ಸಿನಿಮಾ ಥಿಯೇಟರುಗಳ ಸಾಹುಕಾರ, ಮಹಾಯುದ್ಧದಲ್ಲಿ ಜಪಾನಿಯರಿಗೆ ಹೆದರಿ ಹಿಂದುಸ್ತಾನಕ್ಕೆ ಬಂದವರು. ಇಬ್ಬರೂ ಕೂಡಿ ಹಕ್ಕಿಗಳ ಬೆನ್ನು ಹತ್ತಿ ತಿರುಗಿದರು. ಲೋಕ್ 1964ರ ಜೂನ್ 20ರಂದು ತೈವಾನಿನ ವಿಮಾನ ಅಪಘಾತದಲ್ಲಿ ಹೋದರು. ಸಲೀಂ ಅಲಿ ತೀರಿಕೊಂಡಿದ್ದು 1987ರಲ್ಲಿ, ತಾರೀಖು ಅದೇ ಜೂನ್ 20. ಪದ್ಮವಿಭೂಷಣ, ರಾಜ್ಯಸಭೆ ಎಲ್ಲಾ ಬಂದಿತ್ತು, ಅದಿರಲಿ.

ಹೇಳಬೇಕಾದ್ದು ಎರೆಭೂತದ ವಿಷಯ. ಎರೆಹೊಲದ ಬಯಲಿನಲ್ಲಿ ಸೊಂಟದೆತ್ತರ ನಿಲ್ಲುವ ಈ ಹಕ್ಕಿ ಬಹಳ ಹುಷಾರಿ. ನಡೆದು ಬರೋನನ್ನು ಮೈಲಿ ದೂರದಿಂದಲೇ ಗುರುತಿಸುತ್ತೆ. ಆದರೆ ಎತ್ತಿನ ಗಾಡಿಗೆ ಹೆದರೋದಿಲ್ಲ. ಶಿಕಾರಿಯವರು ಇದನ್ನು ಕಂಡುಕೊಂಡು ಗಾಡಿಯ ಮರೆಯಲ್ಲಿ ಹೊಡೆದರು. ಜೀಪು ಬಂದ ಮೇಲಂತೂ ಕೇಳೋದೇ ಬೇಡ. ಇದೇ ಹಕ್ಕಿ ರಾಷ್ಟ್ರಪಕ್ಷಿ ಆಗಲಿ ಅಂತ ಸಲೀಂ ಅಲಿ ವಾದಿಸಿದರು. 1963ರಲ್ಲಿ ಪಟ್ಟ ಸಿಕ್ಕಿದ್ದು ನವಿಲಿಗೆ. ಒಳ್ಳೆ ಫೋಟೋಕ್ಕೆ ಹಕ್ಕಿ ಹಾರಲೇಬೇಕು ಅಂತ ಹೊಲದೊಳಗೆ ಕಾರು ನುಗ್ಗಿಸೋರು ಈ ಗಾಡಿಯ ಕಥೆ ಒಮ್ಮೆ ಕೇಳಬೇಕು. ಬಂದೂಕಿಲ್ಲ ಅನ್ನೋದೊಂದೇ ವ್ಯತ್ಯಾಸ.

ಸೋಲಾಪುರ ಜಿಲ್ಲೆಯ ನಾನಜ್‌ನಲ್ಲಿ 1979ರಲ್ಲಿ ಎರೆಭೂತಕ್ಕಾಗಿಯೇ ಅಭಯಾರಣ್ಯ ಮಾಡಿದರು. ದೇಶದಲ್ಲಿ ಈಗ ಉಳಿದಿರೋವು 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ನಾನಜ್‌ನಲ್ಲಿ ಕಾಣೋದು ಬಲು ಅಪರೂಪ.