ಮೈಸೂರು ಸಂಸ್ಥಾನದ ಬರ್ಲಿನ್ ವಾಸ್ತುಶಿಲ್ಪಿ

ಬೆಂಗಳೂರಿನ ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಉದ್ಯಾನದ ಮಂಟಪದ ಪಕ್ಕದಲ್ಲೇ ಅನೇಕರು ನಿತ್ಯ ವಾಯುವಿಹಾರ ನಡೆಸುತ್ತಾರೆ. ಅದನ್ನು ರೂಪಿಸಿದವರು ಹಿಟ್ಲರನ ಜರ್ಮನಿಯಲ್ಲಿ ನೆಲೆ ಕಳೆದುಕೊಂಡ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬುದನ್ನು ಬಲ್ಲವರು ವಿರಳ.

1908ರಲ್ಲಿ ಬರ್ಲಿನ್‌ನಲ್ಲಿ ಜನಿಸಿದ ಅವರು ಅಲ್ಲಿಯೇ ವಾಸ್ತುಶಿಲ್ಪ ಕಲಿತರು. ಪ್ರತಿಷ್ಠಿತ ಶಿಂಕೆಲ್ ಪ್ರಶಸ್ತಿ ಲಭಿಸಿದ್ದು 1933ರಲ್ಲಿ. ಯಹೂದಿ ಮೂಲದವರೆಂಬ ಕಾರಣಕ್ಕೆ ಸರ್ಕಾರಿ ಹುದ್ದೆ ಕೈತಪ್ಪಿದ್ದೂ ಅದೇ ವರ್ಷ. ಬಳಿಕ ಈಜಿಪ್ಟಿನಲ್ಲಿ ಪ್ರಾಚೀನ ಕಟ್ಟಡಗಳ ಅಧ್ಯಯನದಲ್ಲಿ ತೊಡಗಿ, ಅಲ್ಲಿನ ಪುರಾತನ ಬಾಗಿಲುಗಳ ರಚನೆಯನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು.

ಅವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಆಹ್ವಾನದ ಮೇರೆಗೆ 1935–36ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಈ ನಂಟು ಫಲಿಸಿ, ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1939ರಲ್ಲಿ ಕೋನಿಗ್ಸ್‌ಬರ್ಗರ್ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಆಗ ಅವರ ವಯಸ್ಸು ಕೇವಲ ಮೂವತ್ತು.

ದಿವಾನರಿಗೆ ಕಮಾನು, ಗುಮ್ಮಟ, ಅಲಂಕಾರಗಳ ಮೇಲೆ ಒಲವು. ಬರ್ಲಿನ್ನಿನ ಆಧುನಿಕ ಪಂಥದಲ್ಲಿ ಪಳಗಿದ್ದ ಯುವ ವಾಸ್ತುಶಿಲ್ಪಿಗೆ ಅದು ಒಗ್ಗದ ಮಾತು. ಆದರೆ ಯುರೋಪಿನ ಮಾದರಿಯನ್ನು ಇಲ್ಲಿ ಹಾಗೆಯೇ ನೆಡಲಾಗದೆಂಬುದೂ ಅವರಿಗೆ ಬೇಗ ಮನವರಿಕೆಯಾಯಿತು. ಬಿಸಿಲು ತಡೆಯುವ ಚಾಚು, ಎದುರುಬದುರಾಗಿ ಗಾಳಿಯಾಡುವ ಕಿಟಕಿ, ನೆರಳಿನ ಮೊಗಸಾಲೆ: ಹವಾಮಾನವೇ ಅವರ ನಿಜವಾದ ಗುರುವಾಯಿತೆನ್ನಬಹುದು. ವಿಜ್ಞಾನ ಸಂಸ್ಥೆಯ ಭೋಜನಶಾಲೆ, ವೈಮಾನಿಕ ವಿಭಾಗದ ಕಟ್ಟಡಗಳು ಈ ಹಾದಿಯಲ್ಲಿ ಮೂಡಿದವು. ಜಮ್‌ಷೆಡ್‌ಪುರ, ಭುವನೇಶ್ವರಗಳ ನಗರಯೋಜನೆಗಳನ್ನೂ ಅವರು ರಚಿಸಿದರು.

1948ರಲ್ಲಿ ನೆಹರೂ ಸರ್ಕಾರದ ವಸತಿ ನಿರ್ದೇಶಕರಾದರು. ದೆಹಲಿಯ ಸಿದ್ಧಮನೆ ಕಾರ್ಖಾನೆಯ ಯೋಜನೆ ವಿಫಲವಾಯಿತು. ನಂತರ ಲಂಡನ್ ಸೇರಿ ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಗೆ ಬುನಾದಿ ಹಾಕಿದರು. ಬೆಂಗಳೂರಿನಲ್ಲಿ ಕಲಿತದ್ದನ್ನೇ ಜಗತ್ತಿಗೆ ಕಲಿಸಿದರೆಂದರೆ ಅತಿಶಯೋಕ್ತಿಯಲ್ಲ. 1999ರಲ್ಲಿ ನಿಧನರಾದರು.

ಅವರ ಕಟ್ಟಡಗಳ ಪಾಡೇನು? ಪ್ರಾಚೀನ ಸ್ಮಾರಕ ಕಾಯ್ದೆಯ ರಕ್ಷಣೆಗೆ ಕನಿಷ್ಠ ನೂರು ವರ್ಷ ತುಂಬಿರಬೇಕು. 1940ರ ದಶಕದ ರಚನೆಗಳು ಆ ಗೆರೆಯ ಈಚೆಗೇ ಇವೆ. ಕಲ್ಲಿನ ಕೆಲಸಕ್ಕಾದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ತಲೆಮಾರುಗಳಿಂದ ಉಳಿ ಹಿಡಿದ ಶಿಲ್ಪಿಗಳಿದ್ದಾರೆ. ಕಾಂಕ್ರೀಟಿಗೆ ಅಂಥ ಪರಂಪರೆಯಿಲ್ಲ. ಅದರೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿದರೆ ಗಾರೆ ಬಿರಿಯುತ್ತದೆ. ಮೇಲೆ ಬಣ್ಣ ಬಳಿದರೆ ಬಿರುಕು ಮರೆಯಾಗುತ್ತದೆಯೇ ಹೊರತು ತುಕ್ಕು ನಿಲ್ಲುವುದಿಲ್ಲ. ಗಾಳಿಗಾಗಿ ಬಿಟ್ಟ ತೆರಪನ್ನು ಇಟ್ಟಿಗೆಯಿಂದ ಮುಚ್ಚಿದರಂತೂ ಕಟ್ಟಡ ನಿಂತಿದ್ದರೂ ಕೋನಿಗ್ಸ್‌ಬರ್ಗರ್ ಅಲ್ಲಿರುವುದಿಲ್ಲ.