ಕುದ್ಮುಲ್ ರಂಗರಾಯರು

ಮಂಗಳೂರಿನ ಪುರಭವನವು ಇಂದು ಯಾರ ಹೆಸರನ್ನು ಹೊತ್ತಿದೆಯೋ ಆ ಕುದ್ಮುಲ್ ರಂಗರಾಯರು ನಮ್ಮ ಕಾಸರಗೋಡು ಸೀಮೆಯವರು. 1859ರ ಜೂನ್ 29ರಂದು ಕುದ್ಮುಲಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರು ಸೇರಿದ ಅವರು ಮೊದಲು ಅಲ್ಪ ಸಂಬಳದ ಉಪಾಧ್ಯಾಯರಾಗಿ ದುಡಿದರು. ಮುಂದೆ ವಕೀಲರಾಗಿ ಬಾಳನ್ನು ಕಟ್ಟಿಕೊಂಡರು.

ಅಂದು ದಲಿತರ ಮಕ್ಕಳಿಗೆ ಊರ ಶಾಲೆಯ ಬಾಗಿಲು ಮುಚ್ಚಿತ್ತು. 1892ರಲ್ಲಿ ರಂಗರಾಯರು ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದರು. ಸವರ್ಣೀಯರ ವಿರೋಧದಿಂದ ಅದು ಅಲ್ಲಿ ನೆಲೆ ನಿಲ್ಲಲಿಲ್ಲ. ಅವರು ಹಿಂದೆಗೆಯದೆ ಬೇರೆಡೆ ಶಾಲೆಗಳನ್ನು ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು.

ಅವರ ಕಾರ್ಯದಲ್ಲಿ ಕನಿಕರದೊಡನೆ ಯೋಜನೆಯೂ ಇತ್ತು. ಕೂಲಿಯ ಮನೆಯ ಮಗು ಶಾಲೆಗೆ ಬಂದರೆ ಆ ದಿನದ ಸಂಪಾದನೆ ತಪ್ಪುತ್ತದೆಂಬುದನ್ನು ಅರಿತು ಹಾಜರಾದ ಮಕ್ಕಳಿಗೆ ಎರಡು ಪೈಸೆ ಕೊಡಿಸಿದರು, ಮಧ್ಯಾಹ್ನದ ಊಟವನ್ನೂ ಏರ್ಪಡಿಸಿದರು. ಅಕ್ಷರದೊಂದಿಗೆ ನೆಯ್ಗೆ, ಮರಗೆಲಸಗಳನ್ನು ಕಲಿಸಿದರು. ಸರಕಾರದಿಂದ ಭೂಮಿ ಪಡೆದು ಮನೆಯಿಲ್ಲದವರಿಗೆ ನೆಲೆ ಕಲ್ಪಿಸಿದರು.

ಇಷ್ಟಕ್ಕೇ ಅವರು ತೃಪ್ತರಾಗಲಿಲ್ಲ. ಬಾವಿ ಎಲ್ಲಿ ತೋಡಬೇಕು, ದಾರಿ ಎತ್ತ ಸಾಗಬೇಕು, ಯಾವ ಶಾಲೆಗೆ ಹಣ ಸಲ್ಲಬೇಕು ಎಂಬುದೆಲ್ಲ ನಿರ್ಧಾರವಾಗುವುದು ಸ್ಥಳೀಯ ಆಡಳಿತದ ಸಭೆಗಳಲ್ಲಿ. ಅಲ್ಲಿ ಕುಳಿತುಕೊಳ್ಳುವ ಹಕ್ಕಿಲ್ಲದವನು ಸದಾ ಪರರ ದಯೆಗೆ ಕಾಯಬೇಕಾಗುತ್ತದೆ. ಆದುದರಿಂದ ಪುರಸಭೆಯಲ್ಲಿಯೂ ಜಿಲ್ಲಾ ಬೋರ್ಡಿನಲ್ಲಿಯೂ ದಲಿತರಿಗೆ ಸ್ಥಾನ ದೊರೆಯಬೇಕೆಂದು ರಂಗರಾಯರು ಪ್ರಯತ್ನಿಸಿದರು. ಆ ಪ್ರಯತ್ನ ಫಲಿಸಿ ದಲಿತ ಸದಸ್ಯರು ಆ ಸಭೆಗಳನ್ನು ಪ್ರವೇಶಿಸಿದರು.

ಇದಕ್ಕೆ ಅವರು ತೆತ್ತ ಬೆಲೆ ಕಡಿಮೆಯದಲ್ಲ. ಸ್ವಜಾತಿಯವರ ಬಹಿಷ್ಕಾರವನ್ನು ಕುಟುಂಬವೆಲ್ಲ ಅನುಭವಿಸಿತು. ಆದರೂ ನುಡಿಯನ್ನು ಮನೆಯಿಂದಲೇ ನಡೆಗೆ ತಂದರು: ಮಗಳು ರಾಧಾಬಾಯಿಯ ವಿವಾಹವನ್ನು ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರೊಡನೆ ನೆರವೇರಿಸಿದರು. ಈ ಅಳಿಯ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿಯವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಪ್ರತಿನಿಧಿಯಾಗಿ ಹೋದರು.

ಬದುಕಿನ ಕೊನೆಯಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ರಂಗರಾಯರು 1928ರ ಜನವರಿ 30ರಂದು ಕಾಲವಾದರು. ತಮ್ಮ ಅಂತ್ಯಸಂಸ್ಕಾರವನ್ನು ದಲಿತರೇ ನಡೆಸಬೇಕೆಂಬುದು ಅವರ ಇಚ್ಛೆಯಾಗಿತ್ತು. ತಮ್ಮ ಶಾಲೆಯಲ್ಲಿ ಓದಿದ ಮಗುವೊಂದು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಸಾಗುವಾಗ ಏಳುವ ಧೂಳು ತಮ್ಮ ತಲೆಗೆ ಸೋಕಿದರೆ ಜನ್ಮ ಸಾರ್ಥಕವೆಂದು ಅವರು ಭಾವಿಸಿದ್ದರು. ಮಂಗಳೂರಿನಲ್ಲಿರುವ ಅವರ ಸಮಾಧಿಯು ಈ ಆಸೆಯನ್ನು ಇಂದಿಗೂ ನೆನಪಿಸುತ್ತದೆ.

ನೂರು ವರ್ಷ ತುಂಬಿದ ಶಾಲೆಯೊಂದು ತನ್ನ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ತೆರೆದು ನೋಡುವಾಗ, ಈ ಸೀಮೆಯ ಹಿರಿಯರೊಬ್ಬರು ಶಾಲೆಯ ಸಾಫಲ್ಯವನ್ನು ಅಳೆದ ಈ ಅಳತೆಗೋಲು ಕೈಯಲ್ಲಿರುವುದು ಒಳ್ಳೆಯದು.